ಗ್ರೇಸಿ ಒಪ್ಪಿಕೊಂಡ ಮಗಳು

ಇಮೆಲ್ಡಾ ಕಿನ್ಸೆಲ್ಲಾಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಬಂದದ್ದು ಫೆಬ್ರವರಿಯಲ್ಲಿ, ಕಾರ್ಲೋ ಪಟ್ಟಣದ ಒಂದು ಪೆಟ್ರೋಲ್ ಬಂಕಿನಲ್ಲಿ. ಅವಳಿಂದ ಡ್ರೈವಿಂಗ್ ಕಲಿಯುತ್ತಿದ್ದ ಹುಡುಗಿ ಚಕ್ರಕ್ಕೆ ಗಾಳಿ ತುಂಬಲು ಇಳಿದಿದ್ದಳು. ಫೋನಿನ ಪರದೆಯಲ್ಲಿ ಪೂರ್ವಜರು ಎಲ್ಲಿಯವರೆಂದು ತೋರಿಸುವ ಐರ್ಲೆಂಡಿನ ನಕ್ಷೆ ಮೂಡಿತು. ಆಗ್ನೇಯ ಭಾಗ, ಅಂದರೆ ಅವಳು ಹುಟ್ಟಿ ಬೆಳೆದು ಐವತ್ತಾರು ವರ್ಷ ಕಳೆದ ನೆಲ, ಖಾಲಿ ಇತ್ತು. ವಾಯವ್ಯದ ತುದಿಯಲ್ಲಿ, ಡಾನೆಗಾಲ್ ಕರಾವಳಿಯ ಮೇಲೆ ಅಂಗಿಗುಂಡಿಯಷ್ಟು ಅಗಲದ ಒಂದು ಕೆಂಪು ವೃತ್ತ ಇತ್ತು. ಬೇರೆಲ್ಲೂ ಬೇರೆ ಬಣ್ಣವಿರಲಿಲ್ಲ.

ಕ್ರಿಸ್‌ಮಸ್‌ಗೆ ಗಂಡ ಫಿಂಟನ್ ತಮಾಷೆಗೆಂದು ತಂದಿದ್ದ ಉಡುಗೊರೆ ಅದು. ಇಬ್ಬರೂ ಉಗುಳನ್ನು ಕೊಳವೆಯಲ್ಲಿ ತುಂಬಿ ಕಳಿಸಿದ್ದರು. ಫಿಂಟನ್‌ನ ವೃತ್ತ ವೆಕ್ಸ್‌ಫರ್ಡ್ ಮೇಲೆ, ಎಲ್ಲರೂ ಅಂದುಕೊಂಡಲ್ಲೇ ಕೂತಿತ್ತು. ಇಮೆಲ್ಡಾ ಡಾನೆಗಾಲ್‌ಗೆ ಒಮ್ಮೆಯೂ ಹೋದವಳಲ್ಲ. ಅವಳ ಅಪ್ಪ ಅಮ್ಮನೂ ಹೋದವರಲ್ಲ. ಕಂಪನಿಯವರು ಕೊಳವೆ ಅದಲುಬದಲು ಮಾಡಿದ್ದಾರೆ ಎಂದು ಫಿಂಟನ್ ಹೇಳಿದ. ಅವಳು ಬೇರೆ ಕಂಪನಿಯಲ್ಲಿ ಇನ್ನೊಮ್ಮೆ ಮಾಡಿಸಿದಳು. ವೃತ್ತ ಅಲ್ಲೇ ಬಿತ್ತು. ಅದಕ್ಕಿಂತ ಗಟ್ಟಿಯಾದ ಇನ್ನೊಂದು ಸಂಗತಿಯೂ ಇತ್ತು. ಮೊದಲೇ ಈ ಪರೀಕ್ಷೆ ಮಾಡಿಸಿಕೊಂಡಿದ್ದ ಅವಳ ಚಿಕ್ಕಪ್ಪನ ಮಗ, ಅವಳಿಗೆ ರಕ್ತಸಂಬಂಧಿಗಳೆಂದು ಬಂದ ನೂರಾರು ಹೆಸರುಗಳ ನಡುವೆ ಎಲ್ಲೂ ಇರಲಿಲ್ಲ.

ಅಪ್ಪ ಅಮ್ಮ ತೀರಿಕೊಂಡು ವರ್ಷಗಳಾಗಿದ್ದವು. ಉಳಿದಿದ್ದವಳು ಅಪ್ಪನ ತಂಗಿ ಕಾರ್ಮೆಲ್ ಅತ್ತೆ. ಇಮೆಲ್ಡಾ ಫೋನ್ ಹಿಡಿದು ತೋರಿಸಿದಾಗ ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡಳು, ಮತ್ತೆ ಹಾಕಿಕೊಳ್ಳಲಿಲ್ಲ. ಡಬ್ಲಿನ್‌ನ ಒಂದು ಖಾಸಗಿ ಹೆರಿಗೆ ಮನೆಯಿಂದ, 1967ರ ಮಾರ್ಚ್‌ನಲ್ಲಿ, ಎರಡು ವಾರದ ಕೂಸನ್ನು ಅಣ್ಣ ಅತ್ತಿಗೆ ಕಾರಿನಲ್ಲಿ ತಂದರೆಂದು ಹೇಳಿದಳು. ಹುಟ್ಟಿನ ನೋಂದಣಿಯಲ್ಲಿ ನೇರವಾಗಿ ಅವರನ್ನೇ ತಂದೆ ತಾಯಿ ಎಂದು ಬರೆಸಲಾಯಿತು. ತಾಯಿ ಹಳ್ಳಿಯ ಹುಡುಗಿ, ಡಬ್ಲಿನ್‌ನ ಯಾವುದೋ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು ಎಂಬುದಷ್ಟೇ ಅವಳ ಕಿವಿಗೆ ಬಿದ್ದಿತ್ತು.

ಕಾನೂನುಬದ್ಧ ದತ್ತು ಆಗಲೂ ಇತ್ತು. ಅದಕ್ಕೆ ಕಾಯಬೇಕಿತ್ತು, ವಿಚಾರಣೆ ನಡೆಯುತ್ತಿತ್ತು, ಊರಿಗೆ ತಿಳಿಯುತ್ತಿತ್ತು. ಹಾಗಾಗಿ ಕೆಲವರು ಅಡ್ಡದಾರಿ ಹಿಡಿದರು. ಈಚೆಗೆ ಬಂದ ಕಾಯ್ದೆ ದತ್ತು ಹೋದವರಿಗೆ ತಮ್ಮ ಹುಟ್ಟಿನ ದಾಖಲೆ ನೋಡುವ ಹಕ್ಕು ಕೊಟ್ಟಿದೆ. ಇಮೆಲ್ಡಾಳ ವಿಷಯದಲ್ಲಿ ದಾಖಲೆಯೇ ಸುಳ್ಳಾಗಿದ್ದರಿಂದ ಆ ಹಕ್ಕಿನಿಂದ ಏನೂ ಸಿಗುವಂತಿರಲಿಲ್ಲ. ಹೆರಿಗೆ ಮನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಹೆತ್ತವಳ ಹೆಸರು ಬೇಕೆಂದರೆ ಆ ಕೆಂಪು ವೃತ್ತವೊಂದೇ ದಾರಿ. ಹೆತ್ತವಳು ಬದುಕಿದ್ದರೆ ಎಂಬತ್ತರ ಆಸುಪಾಸು ಇರಬೇಕು. ಕಾಯಲು ಸಮಯವಿಲ್ಲ ಎಂಬುದು ಇಮೆಲ್ಡಾಳಿಗೆ ಮೊದಲ ದಿನವೇ ಹೊಳೆದಿತ್ತು.

ರಕ್ತಸಂಬಂಧಿಗಳ ಸಾಲಿನಲ್ಲಿ ಅರ್ಧಕ್ಕರ್ಧ ಬಾಯ್ಲ್ ಎಂಬ ಮನೆತನದವರು. ಉಳಿದವರು ವಾರ್ಡ್, ಸ್ವೀನಿ, ಗ್ಯಾಲಹರ್. ಇಬ್ಬರಲ್ಲಿ ಎಷ್ಟು ಡಿಎನ್‌ಎ ಸಮಾನವಾಗಿದೆ ಎನ್ನುವುದಕ್ಕೆ ಪ್ರತಿ ಹೆಸರಿನ ಎದುರೂ ಒಂದು ಅಂಕಿ ಇರುತ್ತದೆ. ಎಲ್ಲರಿಗಿಂತ ಮೇಲೆ ಇದ್ದವನು ಸಿ. ಬಾಯ್ಲ್, ಅಂಕಿ ಮುನ್ನೂರ ಹತ್ತು. ಇಮೆಲ್ಡಾ ಸಂಜೆಗಳಲ್ಲಿ ಕೂತು ಆ ಲೆಕ್ಕ ಕಲಿತಳು. ಮುನ್ನೂರರ ಮೇಲೆ ಬಂದರೆ ಆತ ತಾಯಿಯ ದೊಡ್ಡಪ್ಪ ಚಿಕ್ಕಪ್ಪನ ಮಗನೋ, ಅಷ್ಟೇ ಹತ್ತಿರದವನೋ ಆಗಿರುವ ಸಂಭವ ಹೆಚ್ಚು. ಅವಳು ಓದಿದ್ದನ್ನು ತಪ್ಪಾಗಿ ಓದಿರಲಿಲ್ಲ. ಆ ಮನುಷ್ಯ ಕಾರ್ಲೋದವನೋ ಕಿಲ್ಕೆನಿಯವನೋ ಆಗಿದ್ದರೆ ಲೆಕ್ಕ ಸರಿಯಾಗಿಯೇ ಇರುತ್ತಿತ್ತು.

ಅವಳು ಕಳಿಸಿದ ಸಂದೇಶಕ್ಕೆ ಉತ್ತರ ಬರೆಯದೆ ಸಿ. ಬಾಯ್ಲ್ ನೇರವಾಗಿ ಫೋನ್ ಮಾಡಿದ. ಹೆಸರು ಕಾಂಡಿ, ವಯಸ್ಸು ಎಪ್ಪತ್ತಾರು, ಡಾನೆಗಾಲ್ ಕರಾವಳಿಯ ಇನಿಶ್‌ಡೂನ್ ದ್ವೀಪಕ್ಕೆ ದೋಣಿ ನಡೆಸುತ್ತಿದ್ದವನು. ದ್ವೀಪದಲ್ಲಿ ಈಗ ಯಾರೂ ಇಲ್ಲ. ಎಪ್ಪತ್ತರ ದಶಕದಲ್ಲಿ ಕೊನೆಯ ಕುಟುಂಬಗಳೂ ಎದುರಿನ ದಡದ ಊರಿಗೆ ಬಂದು ನೆಲೆಸಿದವು. ಮಗಳು ಕೊಟ್ಟ ಉಡುಗೊರೆಯೆಂದು ಅವನೂ ಉಗುಳಿ ಕಳಿಸಿ ಮರೆತಿದ್ದ.

"ನೀವು ಯಾರ ಪೈಕಿ?" ಎಂದು ಅವನು ಮೊದಲು ಕೇಳಿದ.

ಬಾಯ್ಲ್ ಮನೆತನದವಳಿರಬೇಕು ಎಂದಳು ಇಮೆಲ್ಡಾ.

"ಹಂಗಂದ್ರೆ ಏನೂ ಹೇಳ್ದಂಗಾಗ್ಲಿಲ್ಲ ಕಣಮ್ಮಾ. ಇಲ್ಲಿ ಒಂದು ಕಲ್ಲೆಸೆದ್ರೆ ಒಬ್ಬ ಬಾಯ್ಲ್‌ಗೆ ಬೀಳುತ್ತೆ. ಅವನು ಬಗ್ಗಿದ್ರೆ ಹಿಂದಿರೋ ಬಾಯ್ಲ್‌ಗೆ."

ಆ ಊರಿನಲ್ಲಿ ಮನೆತನದ ಹೆಸರನ್ನು ಯಾರೂ ಬಳಸುವುದಿಲ್ಲ, ಬಳಸಿದರೆ ಪ್ರಯೋಜನವೂ ಇಲ್ಲ. ತಮ್ಮ ಹೆಸರಿಗೆ ಅಪ್ಪನ ಹೆಸರು, ಅಜ್ಜನ ಹೆಸರು ಸೇರಿಸಿಕೊಳ್ಳುತ್ತಾರೆ. ಅವನು ಕಾಂಡಿ ಮೇನಸ್ ಓವನ್. ಇಮೆಲ್ಡಾಳಿಗೆ ತನ್ನ ಹೆಸರಿನ ಮುಂದೆ ಸೇರಿಸಲು ಏನೂ ಇರಲಿಲ್ಲ. ಅದನ್ನು ಹೇಳಿದಾಗ ಕಾಂಡಿ ಈಸ್ಟರ್‌ಗೆ ಬಾ, ಕೂತು ನೋಡೋಣ ಎಂದ.

ಈಸ್ಟರ್ ವಾರದಲ್ಲಿ ಅವಳೂ ಫಿಂಟನ್ನೂ ದೇಶದ ಒಂದು ಮೂಲೆಯಿಂದ ಇನ್ನೊಂದಕ್ಕೆ ಕಾರು ಓಡಿಸಿಕೊಂಡು ಹೋದರು. ಕಾಂಡಿ ಅಡುಗೆಮನೆಯ ಮೇಜಿನ ಮೇಲೆ ಚಹಾದ ಬಟ್ಟಲುಗಳನ್ನು ತನ್ನ ಅಪ್ಪ, ಚಿಕ್ಕಪ್ಪಂದಿರು, ಸೋದರಮಾವಂದಿರೆಂದು ಜೋಡಿಸಿದ. ಒಂದೊಂದನ್ನೇ ಪಕ್ಕಕ್ಕೆ ಸರಿಸಿದ. ಈ ಚಿಕ್ಕಪ್ಪ ಮದುವೆಯಾಗದೆ ಸತ್ತ. ಆ ಮಾವನಿಗೆ ಬರೀ ಗಂಡುಮಕ್ಕಳು, ಎಲ್ಲರೂ ಅಮೆರಿಕದಲ್ಲಿ. ಆ ಕಾಲದ ಹುಡುಗಿಯರೆಲ್ಲ ಸ್ಕಾಟ್ಲೆಂಡಿಗೆ ಹೋದವರು, ಹೋಟೆಲುಗಳಲ್ಲಿ, ಆಲೂಗೆಡ್ಡೆ ಹೊಲಗಳಲ್ಲಿ ದುಡಿದವರು. ಡಬ್ಲಿನ್ ಅವರಿಗೆ ಗ್ಲಾಸ್ಗೋಗಿಂತ ದೂರ. ಕೊನೆಗೆ ಉಳಿದದ್ದು ಚಿಕ್ಕಪ್ಪ ಫಿಲ್‌ನ ಬಟ್ಟಲು. ಫಿಲ್‌ಗೆ ಒಬ್ಬ ಮಗ, ಒಬ್ಬಳು ಮಗಳು. ಮಗ ತೀರಿಕೊಂಡಿದ್ದ. ಮಗಳು ಗ್ರೇಸಿ ಫಿಲ್ ಓವನ್, ಮದುವೆಯಾಗದವಳು, ಅದೇ ರಸ್ತೆಯ ಕೊನೆಯ ಮನೆಯಲ್ಲಿದ್ದಳು.

"ಅವಳು ಡಬ್ಲಿನ್‌ನಲ್ಲಿ ಎರಡು ವರ್ಷ ಇದ್ಲು" ಎಂದ ಕಾಂಡಿ. "ಅರವತ್ತಾರು, ಅರವತ್ತೇಳು. ಆಸ್ಪತ್ರೆ ಲಾಂಡ್ರಿಲಿ."

ಮೊದಲು ಒಂದು ಕಾಗದ ಬರೆದು ಕೇಳೋಣ, ಎಂಬತ್ತು ವರ್ಷದ ಹೆಂಗಸಿನ ಬಾಗಿಲಿಗೆ ಹೀಗೆ ಹೋಗಿ ನಿಲ್ಲುವುದು ಸರಿಯಲ್ಲ ಎಂದು ಫಿಂಟನ್ ಹೇಳಿದ. ಇಮೆಲ್ಡಾಳಿಗೂ ಅದು ಸರಿ ಎನಿಸಿತು. ಆದರೆ ಕಾಂಡಿ ಆಗಲೇ ಟೋಪಿ ಹಾಕಿಕೊಂಡಿದ್ದ. ಕಾಗದ ಬಂದರೆ ಗ್ರೇಸಿ ಒಲೆಗೆ ಹಾಕುತ್ತಾಳೆ, ಮನುಷ್ಯರನ್ನು ಹಾಗೆ ಹಾಕಲಾಗುವುದಿಲ್ಲ ಎಂದ. ಫಿಂಟನ್‌ನನ್ನು ಅಲ್ಲೇ ಬಿಟ್ಟು ಇಮೆಲ್ಡಾ ಹಿಂದೆ ಹೊರಟಳು. ಆಮೇಲೆ ಅವಳು ಇದನ್ನು ಬಹಳ ಸಲ ನೆನೆದುಕೊಂಡಳು: ತಡೆಯಬಹುದಿತ್ತು, ತಡೆಯಲಿಲ್ಲ.

ಗ್ರೇಸಿ ಗಿಡ್ಡ ಆಳು, ನೆಟ್ಟಗೆ ನಿಲ್ಲುವವಳು. ಸ್ವೆಟರ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾಗಿದ್ದಳು. ಕಾಂಡಿ ಹೊಸ್ತಿಲಲ್ಲೇ ನಿಂತು ಇಡೀ ವಿಷಯವನ್ನು ಒಂದೇ ಉಸಿರಿನಲ್ಲಿ ಸುರಿದ. ಅವಳು ಕೊನೆಯವರೆಗೆ ಕೇಳಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ.

"ಕಾಂಡಿ, ಒಲೆಗೆ ಉರಿಸೋಕೆ ಟರ್ಫ್ ಹೆಂಟೆ ಇಲ್ಲ. ಹಿತ್ತಲಿಗೆ ಹೋಗಿ ಒಂದು ಬುಟ್ಟಿ ತಗೊಂಡ್ಬಾ."

"ಬುಟ್ಟಿ ತುಂಬಾ ಇದೆಯಲ್ಲೇ."

"ಹಂಗಾದ್ರೆ ಇನ್ನೊಂದು ತಾ."

ಅವನು ಹೋದ ಮೇಲೆ ಗ್ರೇಸಿ ಇಮೆಲ್ಡಾಳನ್ನು ಕಿಟಕಿಯ ಬೆಳಕಿಗೆ ಕರೆದು ನಿಲ್ಲಿಸಿದಳು. ಯಾವ ತಿಂಗಳು ಎಂದು ಕೇಳಿದಳು. ಮಾರ್ಚ್ ಎಂದಳು ಇಮೆಲ್ಡಾ. ಸಾಕಿದವರು ಎಂಥವರು, ಹೊಡೆದರೇ, ಓದಿಸಿದರೇ ಎಂದು ಕೇಳಿದಳು. ಇಮೆಲ್ಡಾ ಹೇಳಿದಳು: ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿದ್ದರು, ಬೀಟ್‌ರೂಟ್ ಹಂಗಾಮಿನಲ್ಲಿ ಮನೆಯೆಲ್ಲ ಸಿಹಿಯಾಗಿ ನಾರುತ್ತಿತ್ತು, ಅಮ್ಮ ಒಂದು ದಿನವೂ ಕೈ ಎತ್ತಲಿಲ್ಲ. ಗ್ರೇಸಿ ತಲೆಯಾಡಿಸುತ್ತಾ ಕೇಳಿದಳು. ಕೇಳುವಾಗ ಎರಡು ಸಲ ಕಿಟಕಿಯಾಚೆ, ಗುಡ್ಡದ ಕಡೆಗೆ ನೋಡಿದಳು.

"ನಂಗೆ ಬೇರೇನೂ ಬೇಡ" ಎಂದಳು ಇಮೆಲ್ಡಾ. "ಯಾರ ತಪ್ಪು ಅಂತ ಕೇಳೋಕೆ ಬಂದಿಲ್ಲ. ಹೆಸರು ಗೊತ್ತಾದ್ರೆ ಸಾಕು. ನೀವೇ ಏನು?"

ಹಿತ್ತಲಲ್ಲಿ ಕಾಂಡಿ ಬುಟ್ಟಿ ತುಂಬುವ ಸದ್ದು ಕೇಳುತ್ತಿತ್ತು. ಗ್ರೇಸಿ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಹೌದು" ಎಂದಳು. "ನಾನೇ."

ಊರು ಈ ಸುದ್ದಿಯನ್ನು ಬೇಗ ಜೀರ್ಣಿಸಿಕೊಂಡಿತು. ಐವತ್ತು ವರ್ಷ ಹಿಂದೆ ಇದೇ ಸುದ್ದಿ ಗ್ರೇಸಿಯನ್ನು ಊರು ಬಿಡಿಸುತ್ತಿತ್ತು. ಈಗ ಅಂಗಡಿಯವಳು ಒಂದು ಕೇಕ್ ಕಳಿಸಿಕೊಟ್ಟಳು. ಇಮೆಲ್ಡಾ ಬಂದಾಗಲೆಲ್ಲ ಜನ ಅವಳಲ್ಲಿ ಗ್ರೇಸಿಯ ಹೋಲಿಕೆ ಹುಡುಕಿದರು, ಸಿಕ್ಕಿತು ಕೂಡ. ಒಬ್ಬಳಿಗೆ ಗಲ್ಲ, ಒಬ್ಬಳಿಗೆ ನಡಿಗೆ. ಪಾದ್ರಿ ಮಾತ್ರ ಹುಬ್ಬು ಎಂದರು. ಭಾನುವಾರ ಸಂಜೆ ಇಮೆಲ್ಡಾ ಕಾರ್ಲೋದಿಂದ ಫೋನ್ ಮಾಡಿ ಅಮ್ಮಾ ಎನ್ನುತ್ತಿದ್ದಳು. ಆ ಪದ ಮೊದಲ ಸಲ ಬಾಯಿಗೆ ಬರಲು ತಡವಾಯಿತು, ಸಾಕಿದ ಅಮ್ಮನಿಗೆ ಏನೋ ಕಡಿಮೆ ಮಾಡಿದಂತೆ. ಆಮೇಲೆ ಅಭ್ಯಾಸವಾಯಿತು. ಗ್ರೇಸಿ ಓಗೊಡುತ್ತಿದ್ದಳು. ಹವಾಮಾನ ಹೇಳುತ್ತಿದ್ದಳು, ಕಾಂಡಿಯ ನೋಯುವ ಮೊಣಕಾಲನ್ನು ಬೈಯುತ್ತಿದ್ದಳು. ಊರಿಗೆಲ್ಲ ಕಾರು ಕಲಿಸುವವಳು ತನ್ನ ಕಾರನ್ನು ನನ್ನ ಗೇಟಿಗೆ ಅಡ್ಡ ನಿಲ್ಲಿಸಿ ಹೋಗುತ್ತಾಳೆ ಎಂದು ಛೇಡಿಸುತ್ತಿದ್ದಳು. ಆದರೆ 1967ರ ಬಗ್ಗೆ ಕೇಳಿದರೆ ಅವಳ ಉತ್ತರಗಳು ಗಿಡ್ಡವಾಗಿರುತ್ತಿದ್ದವು. ಮಗುವಿಗೆ ತಲೆಗೂದಲು ಇತ್ತೇ? ಇತ್ತು. ನೀನು ಎತ್ತಿಕೊಂಡೆಯಾ? ಎತ್ತಿಕೊಂಡೆ. ಅಪ್ಪ ಯಾರು? ಅದನ್ನು ಕೇಳಬೇಡ. ನೋವಿನ ಮಾತು, ಬಿಡೋಣ ಎಂದು ಇಮೆಲ್ಡಾ ಬಿಟ್ಟಳು.

ಗ್ರೇಸಿಯ ಅಣ್ಣನ ಮಗ ಹ್ಯೂಡಿ ಸಂತೋಷದಲ್ಲಿದ್ದ. ಒಬ್ಬಂಟಿ ಅತ್ತೆಯನ್ನು ಆಸ್ಪತ್ರೆಗೆ ಓಡಾಡಿಸುವ ಕೆಲಸ ಹಂಚಿಕೊಳ್ಳಲು ಒಬ್ಬಳು ಸಿಕ್ಕಳು ಎಂದು ನಗುತ್ತಿದ್ದ. ಆ ಸಂತೋಷದಲ್ಲೇ, ಯಾರೂ ಕೇಳದೆ, ಅವನೂ ಪರೀಕ್ಷೆ ಮಾಡಿಸಿಕೊಂಡ. ಜುಲೈನಲ್ಲಿ ಅವನ ಹೆಸರು ಇಮೆಲ್ಡಾಳ ಫೋನಿನಲ್ಲಿ ಮೂಡಿತು.

ಸೋದರತ್ತೆಯ ಮಗಳಾಗಿದ್ದರೆ ಅಂಕಿ ಎಂಟುನೂರರ ಸುತ್ತ ಇರಬೇಕು. ತೀರಾ ಕಡಿಮೆಯೆಂದರೂ ನಾಲ್ಕುನೂರು. ಹ್ಯೂಡಿಯ ಎದುರು ಇದ್ದದ್ದು ಇನ್ನೂರಕ್ಕೂ ಕಡಿಮೆ.

ಹೆತ್ತವರನ್ನು ಹುಡುಕುವವರಿಗೆ ನೆರವಾಗುವ ಒಂದು ಸಂಘದ ಹೆಂಗಸಿಗೆ ಇಮೆಲ್ಡಾ ಫೋನ್ ಮಾಡಿದಳು. ಆಕೆ ಮೊದಲು ಕೇಳಿದ್ದು, ನಿಮ್ಮ ನಕ್ಷೆಯಲ್ಲಿ ಎಷ್ಟು ವೃತ್ತ ಇವೆ ಎಂದು. ಒಂದೇ ಎಂದಾಗ ಆಕೆ ನಿಟ್ಟುಸಿರಿಟ್ಟಳು. ಹಾಗಾದರೆ ನಿಮ್ಮ ತಂದೆ ತಾಯಿ ಇಬ್ಬರೂ ಅಲ್ಲಿಯವರೇ ಎಂದಳು. ಇನ್ನೂರು ವರ್ಷ ಒಂದು ಸಣ್ಣ ದ್ವೀಪದವರು ತಮ್ಮೊಳಗೇ ಮದುವೆಯಾಗುತ್ತಾ ಬಂದಿದ್ದಾರೆ. ಅಲ್ಲಿ ಇಬ್ಬರು ಒಂದೇ ದಾರಿಯಲ್ಲಿ ನೆಂಟರಾಗಿರುವುದಿಲ್ಲ, ಐದಾರು ದಾರಿಯಲ್ಲಿ ಆಗಿರುತ್ತಾರೆ. ಒಂದೊಂದು ದಾರಿಯಿಂದಲೂ ಚೂರುಚೂರು ಸೇರಿ ಅಂಕಿ ಉಬ್ಬುತ್ತದೆ. ದೂರದ ನೆಂಟ ಹತ್ತಿರದವನಂತೆ ಕಾಣುತ್ತಾನೆ. ಕಾಂಡಿಯ ಮುನ್ನೂರ ಹತ್ತು ಅಂಥದ್ದು. ಅಂಕಿ ಸುಮ್ಮನೆ ಉಬ್ಬಬಹುದು, ಆದರೆ ಹೀಗೆ ಕುಗ್ಗುವುದಿಲ್ಲ. ಹ್ಯೂಡಿಯ ಅತ್ತೆ ನಿಮ್ಮ ತಾಯಿಯಾಗಿರಲು ಸಾಧ್ಯವಿಲ್ಲ.

"ಅವರು ಒಪ್ಕೊಂಡಿದ್ದಾರಲ್ಲ" ಎಂದಳು ಇಮೆಲ್ಡಾ.

ಅದು ತನಗೆ ಗೊತ್ತಿರುವ ಲೆಕ್ಕವಲ್ಲ ಎಂದಳು ಆಕೆ.

ಮುಂದಿನ ಶನಿವಾರ ಇಮೆಲ್ಡಾ ಒಬ್ಬಳೇ ಹೋದಳು. ಗ್ರೇಸಿ ಒಲೆಯ ಪಕ್ಕ ಹೆಣಿಗೆ ಹಿಡಿದು ಕೂತಿದ್ದಳು. ಚಹಾ ಬೇಡವೆಂದು ಹೇಳಿ ಇಮೆಲ್ಡಾ ಕೋಟು ತೆಗೆಯದೆ ನಿಂತಳು.

"ಹ್ಯೂಡಿ ಪರೀಕ್ಷೆ ಮಾಡಿಸ್ಕೊಂಡಿದ್ದಾನೆ."

"ಗೊತ್ತು. ಊರಿಗೆಲ್ಲ ಹೇಳ್ಕೊಂಡು ಉಗುಳಿದ್ದಾನೆ."

"ಅವನು ನಂಗೆ ದೂರದ ನೆಂಟ. ನೀವು ನನ್ನಮ್ಮ ಅಲ್ಲ."

ಗ್ರೇಸಿ ಕೈಯಲ್ಲಿದ್ದ ಸಾಲನ್ನು ಹೆಣೆದು ಮುಗಿಸಿದಳು. ಸೂಜಿಗಳನ್ನು ಉಂಡೆಗೆ ಚುಚ್ಚಿಟ್ಟಳು.

"ಅಲ್ಲ" ಎಂದಳು.

ಇಮೆಲ್ಡಾ ಬೈಯಬೇಕೆಂದು ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡ ಮಾತುಗಳಲ್ಲಿ ಅರ್ಧವನ್ನು ಆಡಿದಳು. ತಾನು ನಾಲ್ಕು ತಿಂಗಳು ಪರರನ್ನು ಅಮ್ಮಾ ಎಂದು ಕರೆದದ್ದು, ಮಕ್ಕಳಿಗೆ ಅಜ್ಜಿಯೆಂದು ಫೋಟೋ ತೋರಿಸಿದ್ದು, ಸಾಕಿದವಳ ಸಮಾಧಿಗೆ ಹೋಗಿ ಈ ಸುದ್ದಿಯನ್ನು ಹೇಳಿ ಬಂದದ್ದು. ಗ್ರೇಸಿ ತಡೆಯಲಿಲ್ಲ. ಮುಗಿದ ಮೇಲೆ, ಕೂತ್ಕೊ ಎಂದಳು.

"ನೀನು ಬಂದ ದಿನ ನಾನು ಅಲ್ಲ ಅಂದಿದ್ರೆ ಕಾಂಡಿ ಏನ್ಮಾಡ್ತಿದ್ದ, ಹೇಳು. ಅವನ ಬಟ್ಟಲೆಲ್ಲ ಮತ್ತೆ ಮೇಜಿನ ಮೇಲೆ ಬರ್ತಿತ್ತು. ಆ ವರ್ಷ ಯಾರ್ಯಾರು ಎಲ್ಲೆಲ್ಲಿದ್ರು ಅಂತ ಮನೆಮನೆ ಬಾಗಿಲು ತಟ್ಟೋನು. ಒಂದಿನ ಸರಿಯಾದ ಬಾಗಿಲಿಗೇ ಹೋಗೋನು. ಆ ಬಾಗಿಲ ಒಳಗೆ ಗಂಡ ಇದ್ದಾನೆ, ಮಕ್ಕಳಿದ್ದಾರೆ. ನಂಗ್ಯಾರಿದ್ದಾರೆ? ನನ್ನ ಮೇಲೆ ಬಿದ್ರೆ ಯಾರ ಮನೆಗೂ ಏನೂ ಆಗಲ್ಲ."

ಇಮೆಲ್ಡಾ ಕೂತಳು. ಅಂದರೆ ಗ್ರೇಸಿಗೆ ಗೊತ್ತಿತ್ತು. ಮೊದಲ ದಿನವೇ, ಮಾರ್ಚ್ ಎಂದ ಕೂಡಲೇ ಗೊತ್ತಾಗಿತ್ತು.

ಗ್ರೇಸಿ ಹೇಳಬಹುದಾದಷ್ಟನ್ನು ಹೇಳಿದಳು. 1966ರ ಬೇಸಿಗೆ ಮುಗಿಯುವಾಗ ಡಬ್ಲಿನ್‌ನ ಅವಳ ಕೋಣೆಗೆ ಒಬ್ಬ ಗೆಳತಿ ಬಂದಳು. ಊರಿನವರೆಲ್ಲ ಆಕೆ ಸ್ಕಾಟ್ಲೆಂಡಿನಲ್ಲಿದ್ದಾಳೆ ಎಂದುಕೊಂಡಿದ್ದರು. ಹೊಟ್ಟೆ ಕಾಣುವವರೆಗೆ ಲಾಂಡ್ರಿಯಲ್ಲಿ ದುಡಿದಳು. ಹೆರಿಗೆ ಮನೆಗೆ ಗ್ರೇಸಿಯೇ ಕರೆದೊಯ್ದಳು. ಮಗುವನ್ನು ಕೊಟ್ಟ ದಿನ ಆ ಗೆಳತಿ ಗ್ರೇಸಿಯಿಂದ ಮಾತು ತೆಗೆದುಕೊಂಡಳು: ಈ ಮಗುವಿಗೆ ನಾನು ತಾಯಿ ಅಂತ ಯಾರಿಗೂ, ಯಾವತ್ತೂ ಹೇಳಬೇಡ. ಗಂಡಸು ಯಾರೆಂದು ಆಕೆ ಗ್ರೇಸಿಗೂ ಹೇಳಲಿಲ್ಲ, ಗ್ರೇಸಿಯೂ ಕೇಳಲಿಲ್ಲ. ಮುಂದೆ ಅವಳನ್ನು ಮದುವೆಯಾದವನಂತೂ ಅಲ್ಲ. ಅವನು ಆ ಎರಡು ವರ್ಷ ಸ್ಕಾಟ್ಲೆಂಡಿನ ಸುರಂಗಗಳಲ್ಲಿ ಬಂಡೆ ಒಡೆಯುತ್ತಿದ್ದ, ರಜೆಗೂ ಬಂದಿರಲಿಲ್ಲ. ಅವನಿಗೆ ಇದು ಇವತ್ತಿಗೂ ತಿಳಿದಿಲ್ಲ.

"ಅವರು ಇದ್ದಾರಾ?" ಎಂದು ಕೇಳಿದಳು ಇಮೆಲ್ಡಾ.

"ಇಲ್ಲ. ಹೋಗಿ ಹದಿಮೂರು ವರ್ಷ ಆಯ್ತು."

ಇಮೆಲ್ಡಾ ಕೋಟಿನ ಗುಂಡಿ ಬಿಚ್ಚಿದಳು. ಫೆಬ್ರವರಿಯಿಂದ ಅವಳು ಸಮಯದ ಜೊತೆ ಓಡುತ್ತಿದ್ದಳು. ಸಮಯ ಯಾವಾಗಲೋ ಮುಗಿದಿತ್ತು.

"ನೀನು ಅಮ್ಮಾ ಅಂದಾಗ್ಲೆಲ್ಲ ನಾನು ಅವಳ ಪರವಾಗಿ ಓಗೊಟ್ಟೆ" ಎಂದಳು ಗ್ರೇಸಿ. "ಅದು ತಪ್ಪು ಅಂತ ಗೊತ್ತಿತ್ತು. ಆದ್ರೂ ಭಾನುವಾರ ಆಗ್ಲಿ ಅಂತ ಕಾಯ್ತಿದ್ದೆ. ಅದನ್ನೂ ಹೇಳ್ಬಿಡ್ತೀನಿ."

ಹೆಸರು ಹೇಳಿ ಎಂದು ಇಮೆಲ್ಡಾ ಕೇಳಿದಳು, ಎರಡನೆಯ ಸಲವೂ ಕೇಳಿದಳು. ಗ್ರೇಸಿ ಇಲ್ಲವೆಂದು ತಲೆಯಾಡಿಸಿದಳು. ಸತ್ತವಳಿಗೆ ಕೊಟ್ಟ ಮಾತನ್ನು ಬಿಡಿಸಿಕೊಳ್ಳಲು ಈಗ ಯಾರನ್ನು ಕೇಳುವುದು ಎಂದಳು. ಕೊನೆಗೆ ಇಮೆಲ್ಡಾ ಎದ್ದು ಬಾಗಿಲವರೆಗೆ ಹೋದಾಗ ಹಿಂದಿನಿಂದ ಕರೆದಳು.

"ಮುಂದಿನ ಭಾನುವಾರ ಸಮಾಧಿಗಳ ಪೂಜೆ ಇದೆ. ಬರ್ತೀಯಾ?"

ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ಊರವರೆಲ್ಲ ಗುಡ್ಡದ ಸ್ಮಶಾನದಲ್ಲಿ ಸೇರುವ ದಿನ ಅದು. ಹಿಂದಿನ ವಾರವೇ ಕಳೆ ಕಿತ್ತು, ಕಲ್ಲು ತೊಳೆದು, ಹೂವಿಟ್ಟಿರುತ್ತಾರೆ. ಗ್ಲಾಸ್ಗೋದಿಂದಲೂ ಜನ ಬರುತ್ತಾರೆ. ಪಾದ್ರಿ ಜಪ ಮಾಡಿ, ಸಾಲುಗಳ ನಡುವೆ ನಡೆದು ಪವಿತ್ರ ನೀರು ಚಿಮುಕಿಸುವಾಗ ಪ್ರತಿ ಕುಟುಂಬವೂ ತನ್ನವರ ಸಮಾಧಿಯ ಬಳಿ ನಿಂತಿರಬೇಕು. ಬೇರೆಯವರ ಸಮಾಧಿಯ ಬಳಿ ಯಾರೂ ನಿಲ್ಲುವುದಿಲ್ಲ. ಯಾರು ಎಲ್ಲಿ ನಿಂತಿದ್ದಾರೆ ಎಂಬುದರಿಂದಲೇ ಹೊರಗಿನವನು ಆ ಊರಿನ ವಂಶಗಳನ್ನು ಓದಿಕೊಳ್ಳಬಹುದು.

ಇಮೆಲ್ಡಾ ಕಾರ್ಲೋಗೆ ಹೋಗಿ ಎಲ್ಲವನ್ನೂ ಫಿಂಟನ್‌ಗೆ ಹೇಳಿದಳು. ಹೋಗಬೇಡ ಎಂದು ಅವನು ಹೇಳುತ್ತಾನೆಂದು ಕಾದಳು. ಅವನು ಕಾರಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂದ.

ಭಾನುವಾರ ಸಮುದ್ರದಿಂದ ಗಾಳಿ ಜೋರಾಗಿತ್ತು, ಬಿಸಿಲಿತ್ತು. ಫಿಂಟನ್ ಕಾಂಡಿಯ ಜೊತೆ ನಿಂತ. ಕಾಂಡಿಯೂ ಹ್ಯೂಡಿಯೂ ಓವನ್ ಅಜ್ಜನ ಕಲ್ಲಿನ ಬಳಿ ಇದ್ದರು. ಫಿಲ್‌ನನ್ನು ಹೂಳಿದ್ದೂ ಅಲ್ಲೇ. ಗ್ರೇಸಿ ಅಲ್ಲಿಗೆ ಬಂದು ಅಪ್ಪ ಅಮ್ಮನ ಹೆಸರಿನ ಮೇಲೆ ಕೈಯಿಟ್ಟಳು. ಆಮೇಲೆ ಇಮೆಲ್ಡಾಳ ತೋಳು ಹಿಡಿದು ಮುಂದೆ ನಡೆದಳು.

"ಎಲ್ಲಿಗೇ?" ಎಂದ ಕಾಂಡಿ. "ಪಾದ್ರಿ ಶುರು ಮಾಡ್ತಾರೆ."

"ನೀನು ನಿಂತ್ಕೊ" ಎಂದಳು ಗ್ರೇಸಿ.

ಮೂರು ಸಾಲು ದಾಟಿದರು. ಜನ ನೋಡಿದರು, ಆಮೇಲೆ ನೋಡದವರಂತೆ ಜಪಮಾಲೆ ತೆಗೆದರು. ಗೋಡೆಯ ಬಳಿಯ ಒಂದು ಕರಿಕಲ್ಲಿನ ಮುಂದೆ ಗ್ರೇಸಿ ನಿಂತಳು. ಮಡಿಸುವ ಕುರ್ಚಿಯಲ್ಲಿ ಒಬ್ಬ ಮುದುಕ ಕೂತಿದ್ದ, ಅವನ ಹಿಂದೆ ಐವತ್ತರ ಆಸುಪಾಸಿನ ಒಬ್ಬ ಎತ್ತರದ ಗಂಡಸು ನಿಂತಿದ್ದ. ಡೆನಿಸ್ ವಾರ್ಡ್ ಮತ್ತು ಅವನ ಹಿರಿಮಗ ಕೋಲಮ್. ಇಮೆಲ್ಡಾ ಇಬ್ಬರನ್ನೂ ಚರ್ಚ್‌ನ ಬಾಗಿಲಲ್ಲಿ ಕಂಡಿದ್ದಳು, ಕೋಲಮ್‌ನ ಜೊತೆ ಒಮ್ಮೆ ಮಳೆಯ ಬಗ್ಗೆ ಮಾತಾಡಿದ್ದಳು. ಕಲ್ಲಿನ ಮೇಲೆ ಒಂದೇ ಹೆಸರು. ಕ್ಯಾಸಿ ವಾರ್ಡ್, ಹುಟ್ಟಿದಾಗ ಬಾಯ್ಲ್. 1946–2011.

ಇಮೆಲ್ಡಾ ಅದನ್ನು ಓದಿದಳು. ಗ್ರೇಸಿ ಕೊಟ್ಟ ಮಾತನ್ನು ಮುರಿಯಬೇಕಾಗಿರಲಿಲ್ಲ.

ಡೆನಿಸ್ ತಲೆಯೆತ್ತಿದ. "ಗ್ರೇಸಿ, ಇವತ್ತು ದಾರಿ ತಪ್ಪಿದೆಯಲ್ಲ."

"ಕ್ಯಾಸಿ ನನ್ನ ಗೆಳತಿ. ಹದಿಮೂರು ವರ್ಷದಲ್ಲಿ ಒಂದ್ಸಲಾನಾದ್ರೂ ಅವಳ ಹತ್ರ ನಿಲ್ಬಾರ್ದಾ?"

"ನಿಲ್ಲಮ್ಮಾ ನಿಲ್ಲು, ಜಾಗ ಇದೆ." ಅವನು ಇಮೆಲ್ಡಾಳ ಕಡೆ ನೋಡಿದ. "ಇವಳು?"

"ನನ್ನ ಮಗಳು" ಎಂದಳು ಗ್ರೇಸಿ. "ಕಾರ್ಲೋದವಳು. ಕೇಳಿಲ್ವಾ?"

ಊರಿನಲ್ಲಿ ಕೇಳದವರು ಯಾರೂ ಉಳಿದಿಲ್ಲ ಎಂದ ಡೆನಿಸ್. ಪಕ್ಕದಲ್ಲಿದ್ದ ಹೂವಿನ ಕುಂಡವನ್ನು ಕಾಲಿನಿಂದ ಸರಿಸಿ ಇಮೆಲ್ಡಾಳಿಗೆ ಜಾಗ ಮಾಡಿಕೊಟ್ಟ. ಅವಳು ಅಲ್ಲಿ ನಿಂತಳು. ಒಂದು ಮಾತು ಸಾಕಿತ್ತು, ಈ ಮುದುಕನಿಗೆ ಅದನ್ನು ಹೇಳುವ ಹಕ್ಕೂ ತನಗಿದೆ ಎಂದು ಅನಿಸಿತು. ಡೆನಿಸ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ಹೆಂಡತಿಯ ಹೆಸರನ್ನು ನೋಡುತ್ತಾ ಕೂತಿದ್ದ. ಇಮೆಲ್ಡಾ ಸುಮ್ಮನಿದ್ದಳು. ಪಾದ್ರಿ ಹತ್ತಿರ ಬಂದರು. ನೀರಿನ ಹನಿಗಳು ಗಾಳಿಗೆ 'ಕ್ಯಾಸಿ' ಎಂಬ ಅಕ್ಷರಗಳ ಮೇಲೂ ಅವಳ ಮುಖದ ಮೇಲೂ ಬಿದ್ದವು. ಅವಳು ಒರೆಸಿಕೊಳ್ಳಲಿಲ್ಲ.

ಪ್ರಾರ್ಥನೆ ಮುಗಿದು ಜನ ಮಾತಿಗೆ ನಿಂತಾಗ ಕೋಲಮ್ ಅವಳ ಬಳಿ ಬಂದ. ಡಿಎನ್‌ಎ ಲೆಕ್ಕದಲ್ಲಿ ನೀವು ಪಂಡಿತರಂತೆ ಎಂದ. ತನ್ನ ಹೆಂಡತಿಯೂ ಪರೀಕ್ಷೆಯ ಒಂದು ಪೆಟ್ಟಿಗೆ ತಂದುಕೊಟ್ಟಿದ್ದಾಳೆ, ಡ್ರಾಯರ್‌ನಲ್ಲಿದೆ, ಅಮ್ಮನ ಕಡೆಯವರು ಮೂಲತಃ ಎಲ್ಲಿಯವರೆಂದು ತಿಳಿಯುವ ಆಸೆ, ಆದರೆ ದುಡ್ಡು ತಿನ್ನುವ ಆಟವೋ ಏನೋ ಎಂದ.

ಗ್ರೇಸಿಯ ಬೆರಳುಗಳು ಇಮೆಲ್ಡಾಳ ತೋಳಿನ ಮೇಲೆ ಬಿಗಿಯಾದವು.

ಅವನು ಉಗುಳಿ ಕಳಿಸಿದ ಕೆಲವು ವಾರಗಳಲ್ಲಿ ಇಬ್ಬರ ಫೋನಿನಲ್ಲೂ ಯಾವ ಅಂಕಿ ಬರುತ್ತದೆಂದು ಇಮೆಲ್ಡಾಳಿಗೆ ಗೊತ್ತಿತ್ತು. ಒಡಹುಟ್ಟಿದವರ ಅಂಕಿ, ಯಾವ ಉಬ್ಬರವೂ ಮುಚ್ಚಲಾಗದ್ದು. ಮಾಡಿಸಬೇಡಿ ಎನ್ನಲು ಅವಳಿಗೆ ಮನಸ್ಸಾಗಲಿಲ್ಲ. ಅದು ಅವನದೂ ರಕ್ತ. ಮಾಡಿಸಿ ಎನ್ನಲೂ ಆಗಲಿಲ್ಲ. ಕುರ್ಚಿಯಲ್ಲಿ ಮುದುಕ ಟೋಪಿ ಹಾಕಿಕೊಳ್ಳುತ್ತಿದ್ದ.

"ಆಟ ಅಲ್ಲ" ಎಂದಳು. "ಈ ಊರಿನ ಲೆಕ್ಕ ಬೇರೆ ಥರ. ಒಬ್ರೇ ಕೂತು ಓದ್ಕೊಂಡ್ರೆ ತಪ್ಪಾಗುತ್ತೆ, ನಂಗೂ ಆಗಿದೆ. ಆತುರ ಏನಿಲ್ಲ. ಪೆಟ್ಟಿಗೆ ತೆಗೆಯೋ ಮುಂಚೆ ನಂಗೊಂದು ಫೋನ್ ಮಾಡಿ."

"ಕಾರ್ಲೋಗಾ?"

"ಮಾಡಿ. ನಾನೇ ಬರ್ತೀನಿ."

ಅವನು ನಂಬರ್ ಬರೆದುಕೊಂಡು, ಅಪ್ಪನನ್ನು ಕುರ್ಚಿಯಿಂದ ಎಬ್ಬಿಸಲು ಹೋದ.

ಫಿಂಟನ್ ಕಾಂಡಿಯ ಜೊತೆ ನಡೆದು ಬರುತ್ತೇನೆಂದ. ಗ್ರೇಸಿಯನ್ನು ಮನೆಗೆ ಬಿಡಲು ಇಮೆಲ್ಡಾ ಕಾರು ಹೊರತೆಗೆದಳು. ಗ್ರೇಸಿ ಕೈಚೀಲವನ್ನು ಮಡಿಲಲ್ಲಿ ಹಿಡಿದು ನೇರ ನೋಡುತ್ತಿದ್ದಳು, ಬೈಗುಳಕ್ಕೆ ಕಾದವಳಂತೆ.

"ಮಗುವಿನ ವಿಷಯ ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದೀರಿ" ಎಂದಳು ಇಮೆಲ್ಡಾ. "ಕ್ಯಾಸಿ ಅನ್ನೋ ಗೆಳತಿ ವಿಷಯ ಹೇಳಲ್ಲ ಅಂತ ಮಾತು ಕೊಟ್ಟಿಲ್ಲ ಅಲ್ವಾ?"

ಗ್ರೇಸಿ ಯೋಚಿಸಿದಳು. ಅವಳು ಮಾತಿನ ವಿಷಯದಲ್ಲಿ ಗಟ್ಟಿ. ಒಳಗೆ ಎಲ್ಲವನ್ನೂ ಒಮ್ಮೆ ತೂಗಿ ನೋಡಿದಂತಿತ್ತು.

"ಇಲ್ಲ" ಎಂದಳು. "ಅದಕ್ಕೆ ಕೊಟ್ಟಿಲ್ಲ."

"ಹಾಗಾದ್ರೆ ಹೇಳಿ."

"ಅವಳಾ?" ಗ್ರೇಸಿ ಕೈಚೀಲವನ್ನು ಕಾಲ ಬಳಿ ಇಳಿಸಿದಳು. "ದ್ವೀಪದಲ್ಲಿ ಹುಟ್ಟಿದೋಳು, ದೋಣಿ ಹತ್ತಿದ್ರೆ ವಾಂತಿ. ಕಾಂಡಿಯವರಪ್ಪ ಅವಳಿಗೆ ಅಂತಾನೇ ಒಂದು ಬಕೆಟ್ ಇಟ್ಟಿದ್ದ. ಆ ಬಕೆಟ್ ಇಟ್ಕೊಂಡೇ ಹಾಡೋಳು ಮಾರಾಯ್ತಿ, ದಡ ಬರೋವರೆಗೂ. ಹಾಡೋಕೆ ಬರ್ತಿತ್ತು ಅಂತ ಅಲ್ಲ. ಭಯಕ್ಕೆ."

ಇಮೆಲ್ಡಾ ಗ್ರೇಸಿಯ ಗೇಟನ್ನು ದಾಟಿ ಮುಂದಕ್ಕೆ, ಕಡಲಂಚಿನ ರಸ್ತೆಗೆ ಕಾರು ತಿರುಗಿಸಿದಳು. ಮನೆ ಹಿಂದುಳಿದದ್ದು ಗ್ರೇಸಿಗೆ ಕಂಡಿತು. ಅವಳು ಮಾತು ನಿಲ್ಲಿಸಲಿಲ್ಲ.